ಕೊಟ್ಟು ಕಳೆದುಕೊಂಡ ಪುಸ್ತಕಗಳ ಮುಂಬಯಿ

"ಒಳ್ಳೆಯ ಪುಸ್ತಕ ಯಾವುದಾದರೂ ಹೇಳಿ" ಅಂತ ಕೇಳಿದರೆ ಓದುಗರು ಪರೀಕ್ಷೆಗೆ ಕೂತವರ ಹಾಗೆ ಉತ್ತರ ಕೊಡುತ್ತಾರೆ. ಕಾರಂತ, ಕುವೆಂಪು, ಭೈರಪ್ಪ, ತೇಜಸ್ವಿ. ಮುಂಬಯಿಯ ಹೆಸರು ಎತ್ತಿದರೆ ಯಶವಂತ ಚಿತ್ತಾಲರ ‘ಶಿಕಾರಿ’, ಇಲ್ಲವೇ ಜಯಂತ ಕಾಯ್ಕಿಣಿಯವರ ಕತೆಗಳು. ಎಲ್ಲವೂ ಓದಲೇಬೇಕಾದವು, ತಕರಾರಿಲ್ಲ. ಆದರೆ ಇವು ನನಗೆ ಧಾರವಾಡದಲ್ಲೇ ಸಿಗುತ್ತವೆ. ಯಾರೂ ಹೇಳದಿದ್ದರೂ ಇವತ್ತಲ್ಲ ನಾಳೆ ಕೈಗೆ ಬರುತ್ತವೆ.

ನನಗೆ ಬೇಕಿದ್ದದ್ದು ಅಷ್ಟಾಗಿ ಗೊತ್ತಿಲ್ಲದ ಪುಸ್ತಕಗಳು. ಹಾಗಾಗಿ ಈ ಸಲ ಮುಂಬಯಿಗೆ ಹೊರಟಾಗ ಪ್ರಶ್ನೆಯನ್ನೇ ಬದಲಾಯಿಸಿಕೊಂಡೆ. "ನೀವು ಯಾರಿಗೋ ಓದಲು ಕೊಟ್ಟು, ವಾಪಸ್ ಬಾರದೇ ಹೋದ ಪುಸ್ತಕ ಯಾವುದು?"

ಈ ಪ್ರಶ್ನೆಗೆ ಯಾರೂ ದೊಡ್ಡ ಹೆಸರು ಹೇಳಲಿಲ್ಲ. ದೊಡ್ಡ ಪುಸ್ತಕ ಕಳೆದರೆ ಇನ್ನೊಂದು ಪ್ರತಿ ತರಬಹುದು. ಹೊಟ್ಟೆ ಉರಿಯೋದು ಮತ್ತೆ ಸಿಗದ ಪುಸ್ತಕಕ್ಕೆ. ಅದೂ ನಾವೇ ಬೆನ್ನು ಹತ್ತಿ, "ಓದು, ಓದು" ಅಂತ ಕೈಗೆ ತುರುಕಿದ ಪುಸ್ತಕಕ್ಕೆ.

ಮುಂಬಯಿ ಕನ್ನಡಿಗರನ್ನೇ ಕೇಳಬೇಕು ಅಂತ ಅನ್ನಿಸಿದ್ದಕ್ಕೆ ಕಾರಣ ಇದೆ. ಅಲ್ಲಿ ರಸ್ತೆಗೊಂದು ಕನ್ನಡ ಪುಸ್ತಕದಂಗಡಿ ಇಲ್ಲ. ಊರಿಗೆ ಹೋದವರ ಬ್ಯಾಗಿನಲ್ಲಿ, ಉಪ್ಪಿನಕಾಯಿ ಡಬ್ಬಿಯ ಪಕ್ಕ ಕೂತು ಪುಸ್ತಕ ಬರಬೇಕು. ಬಂದದ್ದು ಹತ್ತು ಮನೆ ಸುತ್ತುತ್ತದೆ. ಸುತ್ತುವ ಪುಸ್ತಕದ ಜೊತೆ ಮಾತೂ ಸುತ್ತುತ್ತದೆ ಅಲ್ವಾ? ಆ ಮಾತು ನನಗೆ ಬೇಕಿತ್ತು.

ಹುಬ್ಬಳ್ಳಿಯಿಂದ ದಾದರಿಗೆ ರಾತ್ರಿ ರೈಲು. ಅದರಲ್ಲಿ ಹೇಳುವಂಥದ್ದೇನೂ ಆಗಲಿಲ್ಲ, ಚೆನ್ನಾಗಿ ನಿದ್ದೆ ಮಾಡಿದೆ. ಇಳಿದುಕೊಂಡದ್ದು ಡೊಂಬಿವಲಿಯ ಮೌಶಿಯ ಮನೆಯಲ್ಲಿ. ಎರಡು ಕೋಣೆಯ ಮನೆ. ಬಾಗಿಲು ತೆಗೆದವಳೇ ನನ್ನ ಖಾಲಿ ಚೀಲ ನೋಡಿ, "ಪುಸ್ತಕಾ ತುಂಬ್ಕೊಂಡು ಬರೂ ವಿಚಾರ ಇದ್ರ ಈಗ ಹೇಳಿಬಿಡು, ನಮ್ಮನಿಯೊಳಗ ಇಡಲಿಕ್ಕೆ ಜಾಗಾ ಇಲ್ಲ" ಅಂದಳು.

ಜಾಗ ಇಲ್ಲದ್ದಕ್ಕೆ ಕಾರಣ ಮೌಶಿಯ ಗಂಡ, ನಮ್ಮ ಕಾಕಾ. ಥಾಣೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಮಂಚದ ಕೆಳಗೆ ಧಾರವಾಡದ ಮನೋಹರ ಗ್ರಂಥಮಾಲೆಯ ಪುಸ್ತಕಗಳ ಸಾಲೇ ಇದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಈ ಸಂಸ್ಥೆಯದ್ದು ಚಂದಾದಾರರ ಪದ್ಧತಿ. ನೀವು ಹಣ ಕಟ್ಟಬೇಕು, ಅವರು ಅಚ್ಚು ಮಾಡಿದ ಪುಸ್ತಕ ನಿಮ್ಮ ಮನೆಗೆ ಬರುತ್ತದೆ. ಆರಿಸೋದು ನೀವಲ್ಲ. ಧಾರವಾಡದ ತಮ್ಮ ಕಚೇರಿಯ ಅಟ್ಟದ ಮೇಲೆ ಕೂತು ಜೋಶಿಯವರು, ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥವರು ಆರಿಸುತ್ತಿದ್ದರು. ಬೇರೆಯವರ ರುಚಿಯನ್ನು ನಂಬಿ ಮೊದಲೇ ದುಡ್ಡು ಕೊಡೋದು ಅಂದರೆ ಸಣ್ಣ ಮಾತಲ್ಲ. ನಾನಂತೂ ನಾಲ್ಕು ಪುಟ ಓದಿ ನೋಡದೆ ಪುಸ್ತಕ ಕೊಳ್ಳುವವನಲ್ಲ. "ಪಾರ್ಸಲ್ ಬಿಚ್ಚೂ ತನಕಾ ಏನು ಬಂದದ ಅಂತ ಗೊತ್ತಿರ್ತಿರಲಿಲ್ಲ, ಅದ ಮಜಾ" ಅಂದರು ಕಾಕಾ.

ಅವರು ಕಳೆದುಕೊಂಡದ್ದು ಮಾತ್ರ ಪಾರ್ಸಲ್ಲಿನಲ್ಲಿ ಬಂದದ್ದಲ್ಲ. ವ್ಯಾಸರಾಯ ಬಲ್ಲಾಳರ ‘ಬಂಡಾಯ’. 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ ಅದು. ಪ್ರಶಸ್ತಿ ಬಂದದ್ದು ‘ಅಷ್ಟಾಗಿ ಗೊತ್ತಿಲ್ಲದ ಪುಸ್ತಕ’ ಹೇಗಾಗುತ್ತದೆ ಅಂತ ನೀವು ಕೇಳಬಹುದು. ನನ್ನ ವಯಸ್ಸಿನವರನ್ನು ಕೇಳಿ ನೋಡಿ. ಹೆಸರು ಕೇಳಿರುತ್ತಾರೆ, ಓದಿರುವುದಿಲ್ಲ. ನಾನೂ ಓದಿರಲಿಲ್ಲ.

"ಇಲ್ಲೇನು? ಹಂಗಾರ ನೀ ಮುಂಬೈಗೆ ಯಾಕ ಬಂದಿ?" ಅಂದರು ಕಾಕಾ. ಕಾರ್ಖಾನೆ, ಕಾರ್ಮಿಕರು, ಆಡಳಿತದವರು, ಮುಷ್ಕರ. ಕಾಕಾ ದಿನವಿಡೀ ನೋಡುತ್ತಿದ್ದ ಲೋಕ ಕನ್ನಡದಲ್ಲಿ ಅಚ್ಚಾಗಿತ್ತು. 1982ರಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ್ದನ್ನು ಅವರು ಹತ್ತಿರದಿಂದ ಕಂಡವರು. ಕೆಲಸ ಹೋದ ಗೆಳೆಯರೂ ಇದ್ದರು. ಅಂಥ ಒಬ್ಬ ಕನ್ನಡದ ಗೆಳೆಯನಿಗೇ ‘ಬಂಡಾಯ’ವನ್ನು ಕೊಟ್ಟರಂತೆ. ಆತ ಊರಿಗೆ ಹೊರಟುಹೋದ. ಪುಸ್ತಕವೂ ಹೋಯಿತು. ಮೌಶಿ ಒಳಗಿನಿಂದ, "ಪುಸ್ತಕಾ ಅಷ್ಟ ಅಲ್ಲ, ಐನೂರು ರೂಪಾಯಿನೂ ಹೋತು" ಅಂದಳು.

ಮರುದಿನ ಮಾಟುಂಗಾ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹತ್ತಿದರೆ ಅದು ಮಾಟುಂಗಾದಲ್ಲಿ ನಿಲ್ಲುವುದಿಲ್ಲ, ಸ್ಲೋ ಗಾಡಿಯೇ ಆಗಬೇಕು. ಮಧ್ಯ ರೈಲ್ವೆಯ ಈ ನಿಲ್ದಾಣವನ್ನು 2017ರಿಂದ ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸುತ್ತಿದ್ದಾರೆ. ಇಳಿದು ಪೂರ್ವಕ್ಕೆ ಬಂದರೆ ಮಲ್ಲಿಗೆ, ಬಾಳೆಎಲೆ, ಫಿಲ್ಟರ್ ಕಾಫಿಯ ವಾಸನೆ. ಒಂದು ಗಳಿಗೆ ಮುಂಬಯಿ ಅಂತ ಅನ್ನಿಸೋದೇ ಇಲ್ಲ.

ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನ ಪುಸ್ತಕದಂಗಡಿಗಳ ಬಗ್ಗೆ ಬಹಳ ಕೇಳಿದ್ದೆ. ನೇರವಾಗಿ ಹೇಳಿಬಿಡುತ್ತೇನೆ, ನಮ್ಮಂಥವರಿಗೆ ಅಲ್ಲಿ ಜಾಸ್ತಿ ಸಿಗುವುದಿಲ್ಲ. ಇಂಜಿನಿಯರಿಂಗ್, ಮೆಡಿಕಲ್, ಪ್ರವೇಶ ಪರೀಕ್ಷೆಯ ದಪ್ಪ ದಪ್ಪ ಪುಸ್ತಕಗಳು. ಹತ್ತಿರದಲ್ಲೇ ದೊಡ್ಡ ತಾಂತ್ರಿಕ ಕಾಲೇಜುಗಳಿವೆ, ವ್ಯಾಪಾರ ಅವರ ಮೇಲೆ.

ಸಿಕ್ಕಿದ್ದು ಊಟದ ಸಾಲಿನಲ್ಲಿ. ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದ ಮೇಲೆ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರಿಂದ ನಡೆಯುತ್ತಿದೆ. ಮಧ್ಯಾಹ್ನ ಹೋದರೆ ಕಾಯಲೇಬೇಕು. ಕಾಯುವವರಲ್ಲಿ ಒಬ್ಬರು ಮುಂಬಯಿಯ ಕನ್ನಡ ದಿನಪತ್ರಿಕೆ ‘ಕರ್ನಾಟಕ ಮಲ್ಲ’ವನ್ನು ಲೋಕಲ್‌ನಲ್ಲಿ ಓದುವವರ ಹಾಗೆ ನಾಲ್ಕು ಮಡಿಕೆ ಮಾಡಿ ಹಿಡಿದಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಮೈಸೂರಿನ ಕಡೆಯ ಮಾತು. ನಾನು ನನ್ನ ಪ್ರಶ್ನೆ ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಯಾಕೆ, ನಿಮ್ಮ ಹತ್ರ ಇದೆಯಾ?"

ಅವರದ್ದು ಕೆ. ಸದಾಶಿವರ ‘ನಲ್ಲಿಯಲ್ಲಿ ನೀರು ಬಂತು’. ಸದಾಶಿವ ಅಂದರೆ ‘ರಾಮನ ಸವಾರಿ ಸಂತೆಗೆ ಹೋದದ್ದು’ ಕತೆ ಹಲವರಿಗೆ ನೆನಪಾದೀತು. ಈ ಸಂಕಲನದ ಮಾತು ಕಡಿಮೆ. ಇವರು ಅದನ್ನು ಕೊಂಡದ್ದು ಸಾಹಿತ್ಯದ ಹುಚ್ಚಿನಿಂದ ಅಲ್ಲವಂತೆ. "ನಾವಾಗ ಪರೇಲಿನ ಚಾಳಿನಲ್ಲಿದ್ವಿ. ಬೆಳಗ್ಗೆ ನಾಲ್ಕಕ್ಕೆ ನೀರು. ಊರಿಗೆ ಹೋದಾಗ ಅಂಗಡೀಲಿ ಈ ಹೆಸರು ಕಣ್ಣಿಗೆ ಬಿತ್ತು. ನಮ್ಮನೆ ಕತೆ ಯಾರೋ ಬರೆದಿದ್ದಾರಲ್ಲ ಅಂತ ನಗು ಬಂತು. ತಗೊಂಡೆ." ತಂದು ಓದಿ, ಚಾಳಿನಲ್ಲಿದ್ದ ಇನ್ನೊಂದು ಕನ್ನಡದ ಮನೆಗೆ ಕೊಟ್ಟರು. ಅವರು ಇನ್ನೊಬ್ಬರಿಗೆ ಕೊಟ್ಟರು. "ನೀರಿನ ಹಾಗೇ ಹೋಯ್ತು, ಎಲ್ಲಿಗೆ ಹೋಯ್ತು ಅಂತ ಗೊತ್ತಾಗ್ಲಿಲ್ಲ."

ಎಲೆಯ ಮುಂದೆ ಕೂತ ಮೇಲೂ ಮಾತು ಮುಂದುವರಿಯಿತು. ಸದಾಶಿವರ ಕತೆಯಲ್ಲಿ ಯಾರೂ ಕೂಗಾಡುವುದಿಲ್ಲ, ಅದು ತಮಗೆ ಇಷ್ಟ ಅಂದರು. ಬ್ಯಾಂಕಿನ ಕೌಂಟರಿನಲ್ಲಿ ದಿನವಿಡೀ ಕೂಗಾಟ ಕೇಳಿದವರಿಗೆ ಅಂಥ ಕತೆ ಬೇಕಾಗುತ್ತದಂತೆ. ಯಾವ ವಿಮರ್ಶೆಯಲ್ಲೂ ಈ ಕಾರಣ ಸಿಗಲಿಕ್ಕಿಲ್ಲ. ಆದರೆ ನಾನು ಪುಸ್ತಕ ಹುಡುಕಲು ತೀರ್ಮಾನಿಸಿದ್ದು ಈ ಕಾರಣಕ್ಕೇ. ಇನ್ನೊಂದು ಸುತ್ತು ಸಾರು ಬಂತು. ಸಾರಿನ ಬಗ್ಗೆ ಬೇರೆಯೇ ಬರೆಯಬೇಕು.

ಊಟದ ನಂತರ ಅವರೇ ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ ತೋರಿಸಿದರು. ಕನ್ನಡಿಗರ ಸಂಸ್ಥೆ, 1926ರದ್ದು. ಅಲ್ಲಿಂದ ಮತ್ತೆ ಸ್ಟೇಷನ್ನಿಗೆ ಬಂದು, ಹಳಿಗಳ ಮೇಲಿನ ಉದ್ದದ ಝಡ್ ಬ್ರಿಜ್ ದಾಟಿದರೆ ಪಶ್ಚಿಮದ ಮಾಟುಂಗಾ ರೋಡ್ ಕಡೆ ಇಳಿಯಬಹುದು. ಮಾಹಿಮಿನ ಕರ್ನಾಟಕ ಸಂಘ ಆ ಕಡೆ. ಅದು 1933ರದ್ದು. ಮನೋಹರ ಗ್ರಂಥಮಾಲೆ ಹುಟ್ಟಿದ ವರ್ಷವೇ.

ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರದ ಎದುರು ಒಬ್ಬರು ಅಕ್ಕ ಸಿಕ್ಕರು. ಕುಂದಾಪುರದವರು, ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಅವರು ನನ್ನ ಪ್ರಶ್ನೆಯನ್ನೇ ತಿದ್ದಿದರು. "ವಾಪಸ್ ಬಾರದ್ದು ಅಂತ ಯಾಕೆ ಕೇಳ್ತೀರಿ? ನಾನು ಬೇಕಂತಲೇ ವಾಪಸ್ ಕೇಳದ್ದು ಒಂದು ಉಂಟು." ಅದು ರಾಜಲಕ್ಷ್ಮಿ ಎನ್. ರಾವ್ ಅವರ ‘ಸಂಗಮ’. 1950ರ ದಶಕದಲ್ಲಿ ಬರೆದ ಕತೆಗಳು. ಆಮೇಲೆ ಅವರು ಬರೆಯುವುದನ್ನೇ ಬಿಟ್ಟರು. ಒಂದೇ ಸಂಕಲನದ ಲೇಖಕಿಗೆ ಒಂದು ಕಷ್ಟ ಇದೆ. ಹೊಸ ಪುಸ್ತಕ ಬಂದಾಗ ಹಳೆಯದರ ನೆನಪಾಗುತ್ತದೆ, ಇವರಿಗೆ ಹೊಸದೇ ಬರಲಿಲ್ಲ. ಯಾರಾದರೂ ಓದಿದವರು ಹೇಳುತ್ತಲೇ ಇರಬೇಕು.

ಅಕ್ಕ ಆ ಪುಸ್ತಕವನ್ನು ಕೊಟ್ಟದ್ದು ಮದುವೆ ಬೇಡ ಅಂತ ಮನೆಯಲ್ಲಿ ಜಗಳ ಆಡಿ ಬಂದಿದ್ದ ಒಬ್ಬ ಹುಡುಗಿಗೆ. "ಅವಳ ಹತ್ರವೇ ಇರ್ಲಿ" ಅಂದರು. ಹುಡುಗಿಗೆ ಮದುವೆ ಆಯಿತಾ ಅಂತ ಕೇಳುವ ಆಸೆ ನನಗೆ. ಕೇಳಲಿಲ್ಲ. ಬದಲಿಗೆ ಅವರೇ ಇನ್ನೊಂದು ಹೆಸರು ಕೊಟ್ಟರು, ತಮ್ಮ ಊರಿನ ಕಡೆಯಿಂದ ಬಂದು ಮುಂಬಯಿಯಲ್ಲಿ ಬರೆದ ಮಿತ್ರಾ ವೆಂಕಟ್ರಾಜ್ ಅವರ ‘ರುಕುಮಾಯಿ’. "ಕುಂದಾಪ್ರದ ಮಾತು ಕಷ್ಟ ಆದ್ರೆ ಜೋರಾಗಿ ಓದಿ, ಅರ್ಥ ಆಗ್ತದೆ."

ಫೋರ್ಟಿಗೆ ಹೋದದ್ದು ಕೊನೆಯಲ್ಲಿ. ಅಲ್ಲಿ ಕನ್ನಡ ಪುಸ್ತಕ ಸಿಗುತ್ತದೆ ಅಂತಲ್ಲ. ಟಿ.ಎನ್. ಶಾನಭಾಗರ ಸ್ಟ್ರ್ಯಾಂಡ್ ಬುಕ್ ಸ್ಟಾಲ್ ಇದ್ದ ಬೀದಿಯನ್ನು ನೋಡಬೇಕಿತ್ತು. 1948ರಲ್ಲಿ ಸ್ಟ್ರ್ಯಾಂಡ್ ಸಿನೆಮಾ ಥಿಯೇಟರಿನಲ್ಲಿ ಒಂದು ಸಣ್ಣ ಮಳಿಗೆಯಾಗಿ ಶುರುವಾದದ್ದು, ಆಮೇಲೆ ಫೋರ್ಟಿಗೆ ಬಂತು. ರಿಯಾಯಿತಿಗೆ ಹೆಸರುವಾಸಿ. ಅದಕ್ಕಿಂತ ದೊಡ್ಡ ಹೆಸರು ಶಾನಭಾಗರದ್ದೇ. ಬಂದ ಗಿರಾಕಿ ಏನು ಓದುತ್ತಾನೆ ಅಂತ ನೆನಪಿಟ್ಟು ಪುಸ್ತಕ ಕೈಗೆ ಕೊಡುತ್ತಿದ್ದರಂತೆ. 2003ರಲ್ಲಿ ಪದ್ಮಶ್ರೀ ಬಂತು, 2009ರಲ್ಲಿ ಅವರು ತೀರಿಕೊಂಡರು, 2018ರಲ್ಲಿ ಅಂಗಡಿ ಮುಚ್ಚಿತು. ಪುಸ್ತಕ ಮಾರಿದವರಿಗೆ ಪದ್ಮಶ್ರೀ! ಅಂಗಡಿಯವನೂ ಒಬ್ಬ ಓದುಗ ಅಂತ ಸರಕಾರಕ್ಕೂ ಒಮ್ಮೆ ಹೊಳೆದಿತ್ತು ಅನ್ನಿ.

ಫ್ಲೋರಾ ಫೌಂಟನ್ನಿನ ಹತ್ತಿರ ಫುಟ್‌ಪಾತಿನಲ್ಲಿ ಉಳಿದ ಪುಸ್ತಕದವರನ್ನೂ ಕೇಳಿದೆ. ಒಬ್ಬಾತ ನನ್ನ ಧಾರವಾಡದ ಮರಾಠಿ ಕೇಳಿ ನಕ್ಕು, ಭಾವು ಪಾಧ್ಯೆಯವರ ‘ವಾಸೂನಾಕಾ’ ಓದಿದ್ದೀಯಾ ಅಂದ. 1965ರ ಪುಸ್ತಕ, ನಾಕಾ ಅಂದರೆ ಬೀದಿಯ ಮೂಲೆಯಲ್ಲಿ ನಿಂತು ಕಾಲ ಕಳೆಯುವ ಪೋರರ ಕತೆಗಳು. ಬಂದಾಗ ಅಶ್ಲೀಲ ಅಂತ ದೊಡ್ಡ ಗಲಾಟೆ ಆಗಿತ್ತು. ಅವನ ಹತ್ತಿರ ಪ್ರತಿ ಇರಲಿಲ್ಲ. ಮಾರಲು ಇಲ್ಲದ ಪುಸ್ತಕವನ್ನು ಹೊಗಳುವ ವ್ಯಾಪಾರಿಯನ್ನು ನಂಬದೆ ಇರಲಿಕ್ಕಾಗುತ್ತದೆಯೇ? ಸೋಮಯ್ಯ ಭವನದ ಕಿತಾಬ್ ಖಾನಾ ಹತ್ತಿರದಲ್ಲೇ ಇದೆ. 2020ರ ಡಿಸೆಂಬರಿನಲ್ಲಿ ಬೆಂಕಿಗೆ ಸಿಕ್ಕು, ಮರುವರ್ಷವೇ ಮತ್ತೆ ತೆರೆದ ಅಂಗಡಿ. ಒಳಗೆ ಚೆಂದ ಇದೆ, ತಂಪಾಗಿದೆ. ಆದರೆ ಆ ಹೊತ್ತಿಗೆ ನನಗೆ ಮೇಜಿನ ಮೇಲೆ ಜೋಡಿಸಿಟ್ಟ ಪುಸ್ತಕಗಳಿಗಿಂತ ಕಳೆದುಹೋದವುಗಳ ಮೇಲೇ ಮನಸ್ಸು.

ಅಲ್ಲೇ ಒಂದು ಗಲ್ಲಿಯ ಹೋಟೆಲಿನಲ್ಲಿ ಚಹಾ ಕುಡಿಯಲು ಕೂತಾಗ ಗಲ್ಲೆಯ ಮೇಲಿದ್ದ ಹಿರಿಯರು ನನ್ನ ಫೋನ್ ಮಾತು ಕೇಳಿ, "ಊರಿನವರಾ?" ಅಂದರು. ಉಡುಪಿಯ ಹತ್ತಿರದ ಹಳ್ಳಿಯವರು. ಹುಡುಗನಾಗಿ ಬಂದು, ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಆ ಕಾಲದಲ್ಲಿ ಹೀಗೆ ಓದಿ ಮೇಲೆ ಬಂದವರು ಮುಂಬಯಿಯಲ್ಲಿ ಸಾವಿರಾರು ಮಂದಿ. ಅವರ ಮಾಸ್ತರು ಒಂದು ಕಾದಂಬರಿ ಕೊಟ್ಟಿದ್ದರಂತೆ. ಇವರು ಓದಿ, ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗನಿಗೆ ಕೊಟ್ಟರು. ಅವನು ಪುಸ್ತಕ ಸಮೇತ ಬೇರೆ ಹೋಟೆಲಿಗೆ ಹೋದ.

"ಹೆಸರು ಎಂತ?"

"ರಟ್ಟು ಹರಿದಿತ್ತು ಮಾರಾಯ್ರೆ. ಮೊದಲಿನ ಪುಟಗಳೂ ಇರ್ಲಿಲ್ಲ." ಹಳೆಯ ಕಾಲದ ಬರವಣಿಗೆ, ನಮ್ಮ ಕರಾವಳಿಯದ್ದೇ ಕತೆ, ಒಂದು ದೊಡ್ಡ ಮನೆ, ಒಂದು ಜಗಳ, ಕೊನೆಗೆ ದೋಣಿಯಲ್ಲಿ ಯಾರೋ ಹೊರಟುಹೋಗುತ್ತಾರೆ. ಇಷ್ಟೇ ನೆನಪು. ಚಹಾದ ದುಡ್ಡು ತಗೊಳ್ಳಲಿಲ್ಲ, ಪುಸ್ತಕ ಸಿಕ್ಕರೆ ತಿಳಿಸಿ ಅಂತ ನಂಬರು ಕೊಟ್ಟರು.

ಧಾರವಾಡಕ್ಕೆ ಬಂದ ಮೇಲೆ ಹುಡುಕಾಟ ಶುರು. ‘ಬಂಡಾಯ’ ಒಂದು ಗ್ರಂಥಾಲಯದಲ್ಲಿ ಸಿಕ್ಕಿತು. ನಡುವೆ ಸ್ವಲ್ಪ ಎಳೆದ ಹಾಗನ್ನಿಸಿದರೂ ಕಾಕಾನ ಮುಖ ನೆನೆಸಿಕೊಂಡು ಮುಗಿಸಿದೆ. ಮುಗಿಸಿದ್ದು ಒಳ್ಳೆಯದೇ ಆಯಿತು. ‘ಸಂಗಮ’ವನ್ನು ಗೆಳತಿಯೊಬ್ಬಳು ಓದಲು ಕೊಟ್ಟಿದ್ದಾಳೆ, ವಾಪಸ್ ಬೇಕು ಅಂತ ಎರಡೆರಡು ಸಲ ಹೇಳಿ. ಸದಾಶಿವರದ್ದಕ್ಕೆ ಹಳೆಪುಸ್ತಕದವರಲ್ಲಿ ಹೇಳಿಟ್ಟಿದ್ದೇನೆ.

ಹೋಟೆಲಿನ ಹಿರಿಯರ ಕಾದಂಬರಿಗೆ ಮಾತ್ರ ಹಿಡಿಯಲು ಕೊನೆಯೇ ಇಲ್ಲ. ಕರಾವಳಿಯ ಹಳೆಯ ಕಾದಂಬರಿ ಅಂತ ಸಿಕ್ಕಿದ್ದನ್ನೆಲ್ಲ ನೋಡುತ್ತಿದ್ದೇನೆ. ಹಾಗೆ ನೋಡುವಾಗ ಬೋಳಾರ ಬಾಬುರಾಯರ ‘ವಾಗ್ದೇವಿ’ ಕೈಗೆ ಬಂತು. 1905ರದ್ದು. ಮಠದೊಳಗಿನ ವ್ಯವಹಾರಗಳನ್ನು ಆ ಕಾಲಕ್ಕೇ ಬಯಲಿಗೆಳೆದ ಕಾದಂಬರಿ. ದೋಣಿಯ ಸುಳಿವು ಸಿಗಲಿಲ್ಲ, ಆದರೂ ಇದೇ ಇರಬಹುದೇನೋ ಅಂತ ಅವರಿಗೆ ಫೋನ್ ಹಚ್ಚಿ, ಸ್ವಾಮಿಗಳು ಬರುವ ಒಂದು ಭಾಗ ಓದಿ ಹೇಳಿದೆ. ಆ ಕಡೆ ಗಿರಾಕಿಗಳ ಗದ್ದಲ, ಬಸಿಗಳ ಸದ್ದು. ಎರಡು ಪುಟ ಆದ ಮೇಲೆ ನಿಲ್ಲಿಸಿ, "ಇದೇನಾ?" ಅಂದೆ.

"ಇದಲ್ಲ" ಅಂದರು. "ಆದ್ರೆ ನೀವು ನಿಲ್ಸಿದ್ದು ಯಾಕೆ? ಮುಂದೆ ಓದಿ."