ಬೆಳಕು ಹೀರದ ಬಾಲ

ಸ್ನಾತಕೋತ್ತರ ವ್ಯಾಸಂಗದ ಕೊನೆಯ ವರ್ಷ ನನ್ನ ಪಾಲಿಗೆ ಬಂದದ್ದು, ಸಾವಯವ ಸೌರಕೋಶಕ್ಕೆ, ಅಂದರೆ ಇಂಗಾಲದ ಸಂಯುಕ್ತಗಳಿಂದ ಬೆಳಕನ್ನು ವಿದ್ಯುತ್ತಾಗಿಸುವ ಕೋಶಕ್ಕೆ, ಒದಗುವ ಸಣ್ಣ ಅಣುವೊಂದನ್ನು ರೂಪಿಸುವ ಕೆಲಸ. ಪಾಲಿಮರ್ ಸರಪಳಿಗಳ ಉದ್ದ ತಯಾರಿಕೆಯಿಂದ ತಯಾರಿಕೆಗೆ ಬದಲಾಗುತ್ತದೆ, ಸಣ್ಣ ಅಣುವಾದರೋ ಎಷ್ಟು ಸಲ ಮಾಡಿದರೂ ಅದೇ ಅಣು ಎಂದು ಗುರುಗಳು ಮೊದಲ ದಿನ ಹೇಳಿದ ಮಾತೇ ನನ್ನನ್ನು ಆ ವಿಷಯಕ್ಕೆ ಒಲಿಸಿತು. 1986ರಲ್ಲಿ ಚಿಂಗ್ ಟ್ಯಾಂಗ್ ಅವರು ತಾಮ್ರದ ಥ್ಯಾಲೋಸಯನಿನ್ ಮತ್ತು ಪೆರಿಲೀನ್ ಸಂಯುಕ್ತವೊಂದನ್ನು ಎರಡು ಪದರಗಳಾಗಿ ಜೋಡಿಸಿ ಸುಮಾರು ಶೇ. 1ರಷ್ಟು ದಕ್ಷತೆ ಪಡೆದ ಪ್ರಬಂಧವನ್ನು ಗುರುಗಳೇ ಕೂತು ಓದಿಸಿದರು.

ಅಣುವಿನ ನಡುಭಾಗ ಎಲೆಕ್ಟ್ರಾನ್ ನೀಡುವಂಥದೂ ತುದಿಗಳು ಸೆಳೆಯುವಂಥವೂ ಆಗಿದ್ದರೆ ಶಕ್ತಿಯ ಅಂತರ ಕಿರಿದಾಗಿ ಅದು ಕೆಂಪು ಬೆಳಕನ್ನೂ ಹೀರಬಲ್ಲದು. ನನ್ನ ತಿಂಗಳುಗಳೆಲ್ಲ ಈ ಜೋಡಣೆಯ ಲೆಕ್ಕಾಚಾರದಲ್ಲೇ ಕಳೆದವು. ಪಕ್ಕದಲ್ಲಿ ಬಾಲದಂತೆ ನೇತಾಡುವ, ಇಂಗಾಲ ಮತ್ತು ಜಲಜನಕಗಳ ಆಲ್ಕೈಲ್ ಸರಪಳಿ ಬೆಳಕು ಹೀರುವುದಿಲ್ಲ. ಅದು ಇರುವುದು ಅಣು ಕರಗಲೆಂದಷ್ಟೇ ಎಂದು ತಿಳಿದು, ಹೆಚ್ಚು ಯೋಚಿಸದೆ ನೇರವಾದ ಹೆಕ್ಸೈಲ್ ಸರಪಳಿಯನ್ನೇ ಹಾಕಿದ್ದೆ.

ದ್ರಾವಣ ಗಾಢ ನೀಲಿಯಾಗಿ ಕಂಡಾಗ ಆದ ಹಿಗ್ಗು, ಎಲೆಕ್ಟ್ರಾನ್ ಪಡೆಯುವ ಫುಲ್ಲರೀನ್‌ ಎಂಬ ಇಂಗಾಲದ ಅಣುವಿನ ಜೊತೆ ಬೆರೆಸಿ ಕೋಶ ಮಾಡಿ ಅಳೆದ ಸಂಜೆಗೆ ಉಳಿಯಲಿಲ್ಲ. ವಿದ್ಯುತ್ ಪ್ರವಾಹ ತೀರಾ ಕಡಿಮೆಯಿತ್ತು. ಗುರುಗಳು ಗದರಲಿಲ್ಲ, ಸೂಕ್ಷ್ಮದರ್ಶಕದ ಚಿತ್ರಗಳ ಮುಂದೆ ಕೂರಿಸಿದರು. ಬೆಳಕಿನಿಂದ ಹುಟ್ಟಿದ ಎಕ್ಸಿಟಾನ್, ಅಂದರೆ ಒಂದಕ್ಕೊಂದು ಅಂಟಿಕೊಂಡ ಋಣ ಮತ್ತು ಧನ ಆವೇಶಗಳ ಜೋಡಿ, ಸಾಮಾನ್ಯವಾಗಿ ಸುಮಾರು 10 ನ್ಯಾನೊಮೀಟರ್ ಸಾಗುವುದರೊಳಗೆ ಎರಡು ವಸ್ತುಗಳ ಗಡಿ ಮುಟ್ಟದಿದ್ದರೆ ಅಳಿದುಹೋಗುತ್ತದೆ. ನನ್ನ ಅಣುಗಳೋ ಒತ್ತಾಗಿ ಹರಳುಗಟ್ಟಿ, ಆ ದೂರವನ್ನು ಬಹುವಾಗಿ ಮೀರಿದ ದ್ವೀಪಗಳಾಗಿದ್ದವು. ಹೆಕ್ಸೈಲ್ ಬದಲು ಕವಲೊಡೆದ ಎಥೈಲ್‌ಹೆಕ್ಸೈಲ್ ಸರಪಳಿಯನ್ನು ಕೂಡಿಸಿದಾಗ ದ್ವೀಪಗಳು ಕಿರಿದಾಗಿ ಪ್ರವಾಹ ಏರಿತು. ಆಸೆಗೆ ಬಿದ್ದು ಇನ್ನೂ ಉದ್ದದ ಕವಲು ಹಾಕಿದೆ. ಅಣುಗಳು ಒಂದರಿಂದೊಂದು ದೂರ ಸರಿದು, ಬೇರ್ಪಟ್ಟ ವಿದ್ಯುದಾವೇಶಗಳಿಗೆ ದಾರಿಯೇ ಇಲ್ಲದಾಯಿತು.

ನಾನು ಕಾಲೇಜು ಬಿಟ್ಟ ಮೇಲೆ, 2012ರಲ್ಲಿ, ದ್ರಾವಣಕ್ಕೆ ಕೇವಲ ಶೇ. 0.25ರಷ್ಟು ಡೈಅಯೊಡೊಆಕ್ಟೇನ್ ಎಂಬ ದ್ರವ ಸೇರಿಸಿ ಸಣ್ಣ ಅಣುವಿನ ಕೋಶದಲ್ಲಿ ಶೇ. 6.7 ದಕ್ಷತೆ ಪಡೆದ ವರದಿ ಬಂತು. ಅಲ್ಲಿಯೂ ಗೆದ್ದದ್ದು ದ್ವೀಪಗಳ ಗಾತ್ರವನ್ನು ಹದಕ್ಕೆ ತಂದ ಜಾಣ್ಮೆ. 2019ರಲ್ಲಿ ವೈ6 ಎಂಬ, ಎಲೆಕ್ಟ್ರಾನ್ ಪಡೆಯುವ ಗ್ರಾಹಿ ಅಣು, ಎಲೆಕ್ಟ್ರಾನ್ ನೀಡುವ ಪಾಲಿಮರ್ ದಾನಿಯೊಂದರ ಜೊತೆಯಲ್ಲಿ, ಶೇ. 15.7ನ್ನು ಮುಟ್ಟಿತು. ಅದರ ರಚನೆಯ ಚಿತ್ರ ಸಿಕ್ಕಾಗ ನಾನು ಮೊದಲು ಹುಡುಕಿದ್ದು ಬಾಲಗಳನ್ನೇ. ನಡುಭಾಗದ ಸಾರಜನಕಗಳ ಮೇಲೆ ಅದೇ ಕವಲೊಡೆದ ಎಥೈಲ್‌ಹೆಕ್ಸೈಲ್ ಇತ್ತು. ಅದರ ಸುತ್ತ ಪೆನ್ಸಿಲಿನಿಂದ ಒಂದು ವೃತ್ತ ಎಳೆದು, ಆ ಹಾಳೆಯನ್ನು ಗುರುಗಳಿಗೆ ಕಳುಹಿಸಿದೆ.