ಮುಂಬೈಯ ಹಾಲ್‌ನಲ್ಲಿ ಕ್ರಿಸ್‌ಮಸ್ ಆಟಗಳು: ಅಜ್ಜಿಯೂ ಸೋಲಬೇಕು, ಮೊಮ್ಮಗನೂ ಸೋಲಬೇಕು

ಕ್ರಿಸ್‌ಮಸ್‌ಗೆ ಮನೆಮಂದಿಯೆಲ್ಲ ಸೇರಿ ಆಡಬಹುದಾದ ಆಟಗಳೆಂದು ಅಲ್ಲಲ್ಲಿ ಓದಲು ಸಿಗುವ ಸಲಹೆಗಳಲ್ಲಿ ಬಹುಪಾಲು ಹಿಮ ಬೀಳುವ ಊರಿಗೂ ಅಂಗಳವಿರುವ ಮನೆಗೂ ಹೊಂದುವಂಥವು. ಅಂಧೇರಿಯ ಮರೋಳದಲ್ಲಿ, ಸೊಸೈಟಿಯ ಮೂರನೆಯ ಮಹಡಿಯಲ್ಲಿ ಹಬ್ಬ ಮಾಡುವ ನಮಗೆ ಇರುವುದು ಒಂದು ಹಾಲ್. ಅದರ ಅರ್ಧ ಜಾಗವನ್ನು ಸೋಫಾ ಮತ್ತು ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿರೂಪವಾದ ಗೋದಲಿ ಹಿಡಿದುಕೊಂಡಿರುತ್ತವೆ. ಉಳಿದ ಅರ್ಧದಲ್ಲಿ ವಸಾಯಿಯಿಂದ ಬಂದ ದೊಡ್ಡಮ್ಮ, ಪುಣೆಯಿಂದ ಬಂದ ಭಾವನ ಸಂಸಾರ, ಮೇಲಿನ ಮಹಡಿಯ ಧಾರವಾಡ ಕಡೆಯ ನೆರೆಯವರು, ಎಲ್ಲರ ಮಕ್ಕಳು ಕೂರಬೇಕು. ಓಡುವ, ಹಾರುವ, ಎಸೆಯುವ ಆಟಗಳು ಇಲ್ಲಿ ನಡೆಯುವುದಿಲ್ಲ. ನಡೆದರೂ ಕೆಳಗಿನ ಮನೆಯವರು ಸುಮ್ಮನಿರುವುದಿಲ್ಲ.

ಆಟವನ್ನು ಆರಿಸುವಾಗ ನಾನು ನೋಡುವುದು ಒಂದೇ ಅಂಶ: 8 ವರ್ಷದ ಮಗುವಿಗೂ 80ರ ಅಜ್ಜಿಗೂ ಸೋಲುವ ಸಂಭವ ಒಂದೇ ಸಮನಾಗಿರಬೇಕು. ರಸಪ್ರಶ್ನೆಯಿಟ್ಟರೆ ಕಾಲೇಜಿಗೆ ಹೋಗುವ ಹುಡುಗನೇ ಗೆಲ್ಲುತ್ತಾನೆ, ಮೊಬೈಲಿನ ಆಟವಾದರೆ ಮಕ್ಕಳೇ ಗೆಲ್ಲುತ್ತಾರೆ, ಹಳೆಯ ಹಾಡುಗಳ ಅಂತ್ಯಾಕ್ಷರಿಯಾದರೆ ಹಿರಿಯರು ಮಾತ್ರ ಬಾಯಿ ತೆರೆಯುತ್ತಾರೆ. ಮ್ಯೂಸಿಕಲ್ ಚೇರ್ ಬಗ್ಗೆ ಎಲ್ಲರಿಗೂ ಅಕ್ಕರೆಯಿದೆ, ಆದರೆ ಮೊಣಕಾಲು ನೋವಿನವರನ್ನು ಮೊದಲ ಸುತ್ತಿನಲ್ಲೇ ಹೊರಗೆ ಕೂರಿಸುವ ಆಟವನ್ನು ಮನೆಮಂದಿಯ ಆಟವೆನ್ನಲು ನನಗೆ ಮನಸ್ಸಿಲ್ಲ. ಅದೃಷ್ಟದಿಂದ ನಡೆಯುವ ಆಟಗಳಲ್ಲಿ, ಕೈಕೆಲಸವನ್ನೇ ಆಟವಾಗಿಸಿದ ಚಟುವಟಿಕೆಗಳಲ್ಲಿ ಈ ತೊಡಕಿಲ್ಲ.

ಅದೃಷ್ಟದ ಆಟವೆಂದರೆ ನಮ್ಮ ಕಡೆ ಹೌಸಿ, ಅಂದರೆ ಒಬ್ಬರು ಕರೆಯುವ ಅಂಕಿಗಳನ್ನು ಉಳಿದವರು ತಮ್ಮ ಟಿಕೆಟಿನಲ್ಲಿ ಗುರುತಿಸುತ್ತ ಹೋಗುವ ಆಟ. ಗೋವಾದ ಊರಹಬ್ಬಗಳಲ್ಲಿ, ಮುಂಬೈಯ ಚರ್ಚ್ ಆವರಣಗಳಲ್ಲಿ, ಪುಣೆಯ ಕ್ಲಬ್ಬುಗಳಲ್ಲಿ ಇದಿಲ್ಲದೆ ಕೂಟ ಮುಗಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಟಿಕೆಟ್ ಪುಸ್ತಕದ ಅಂಕಿಗಳು ಪೊರೆ ಬಂದ ಕಣ್ಣಿಗೆ ಕಾಣದಷ್ಟು ಸಣ್ಣವು. ಆದ್ದರಿಂದ ಟಿಕೆಟುಗಳನ್ನು ಮನೆಯಲ್ಲೇ ಮಾಡುವುದು ಒಳ್ಳೆಯದು, ಮಾಡುವ ಕೆಲಸ ಮಕ್ಕಳಿಗೂ ಹಿಡಿಸುತ್ತದೆ. ರಟ್ಟಿನ ಮೇಲೆ ಅಡ್ಡಲಾಗಿ 3 ಸಾಲು, ಉದ್ದಕ್ಕೆ 9 ಕಂಬ ಎಳೆದರೆ 27 ಚೌಕಗಳಾಗುತ್ತವೆ. ಪ್ರತಿ ಸಾಲಿನಲ್ಲಿ 5 ಅಂಕಿಗಳಂತೆ ಒಟ್ಟು 15 ಅಂಕಿಗಳನ್ನು ತುಂಬಿ ಉಳಿದ 12 ಚೌಕಗಳನ್ನು ಖಾಲಿ ಬಿಡಬೇಕು. ಮೊದಲ ಕಂಬಕ್ಕೆ 1ರಿಂದ 9, ಎರಡನೆಯದಕ್ಕೆ 10ರಿಂದ 19, ಹೀಗೇ ಮುಂದುವರಿದು ಕೊನೆಯ ಕಂಬಕ್ಕೆ 80ರಿಂದ 90. ಯಾವ ಕಂಬವೂ ಪೂರ್ತಿ ಖಾಲಿ ಉಳಿಯಬಾರದು ಎಂಬ ನಿಯಮವನ್ನು ಪಾಲಿಸಲು ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ. ಹಬ್ಬದ ರಜೆಯಲ್ಲಿ ಅಷ್ಟು ಗಣಿತ ಸಾಕು. ಕರೆದ ಅಂಕಿಯನ್ನು ಪೆನ್ಸಿಲಿನಿಂದ ಹೊಡೆದುಹಾಕುವ ಬದಲು ಹುಣಸೆ ಬೀಜ ಇಟ್ಟರೆ ಅದೇ ಟಿಕೆಟು ಮುಂದಿನ ವರ್ಷಕ್ಕೂ ಬರುತ್ತದೆ. ತೊಗರಿಬೇಳೆಯನ್ನೂ ಇಡಬಹುದು, ಆದರೆ ಅದು ಬಟ್ಟೆಯ ಅಂಚು ತಾಗಿದರೂ ಜಾರುತ್ತದೆ. ಹುಣಸೆ ಬೀಜಕ್ಕೆ ತೂಕವಿದೆ.

ಮೊದಲು ಐದು ಅಂಕಿ ಬಂದವರಿಗೆ ಅರ್ಲಿ ಫೈವ್, ಆಮೇಲೆ ಮೂರು ಲೈನು, ನಾಲ್ಕು ಮೂಲೆ, ಕೊನೆಗೆ ಎಲ್ಲ 15 ಅಂಕಿಯೂ ಬಂದವರಿಗೆ ಫುಲ್ ಹೌಸ್ ಎಂಬ ಬಹುಮಾನಗಳ ಕ್ರಮ ಎಲ್ಲರಿಗೂ ಗೊತ್ತಿರುವಂಥದ್ದೇ. ಮುಂದಿನ ಅಂಕಿ ಕರೆಯುವ ಮೊದಲೇ ಕೂಗಬೇಕು, ತಪ್ಪಾಗಿ ಕೂಗಿದರೆ ಬೋಗಿ, ಅಂದರೆ ಆ ಟಿಕೆಟು ಆಟದಿಂದ ಹೊರಗೆ ಎಂಬುದನ್ನು ಆಟ ಆರಂಭಿಸುವ ಮೊದಲೇ ಗಟ್ಟಿಯಾಗಿ ಹೇಳಿಬಿಡಬೇಕು. ಹಬ್ಬದ ದಿನದ ಜಗಳಗಳೆಲ್ಲ ಹುಟ್ಟುವುದು ಇಲ್ಲಿಯೇ. ಬಹುಮಾನವಾಗಿ ದುಡ್ಡು ಬೇಡವೆಂಬುದು ನನ್ನ ಅಭಿಪ್ರಾಯ. ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ಸಣ್ಣ ಪೊಟ್ಟಣ, ಒಂದು ಜೊತೆ ಕಾಲುಚೀಲ, ಪಾತ್ರೆ ತೊಳೆಯುವುದರಿಂದ ಒಂದು ಹೊತ್ತಿನ ವಿನಾಯಿತಿ ಬರೆದ ಚೀಟಿ, ಇಷ್ಟಿದ್ದರೆ ಸಾಕು. ಕೊನೆಯದಕ್ಕೆ ದೊಡ್ಡವರೇ ಹೆಚ್ಚು ಹಂಬಲಿಸುತ್ತಾರೆ.

ಆಟದ ಸೊಗಸೆಲ್ಲ ಅಂಕಿ ಕರೆಯುವವರ ನಾಲಗೆಯಲ್ಲಿದೆ. ಇಂಗ್ಲಿಷ್ ಹೌಸಿಯಲ್ಲಿ 88ಕ್ಕೆ ಇಬ್ಬರು ದಪ್ಪ ಹೆಂಗಸರು, 22ಕ್ಕೆ ಎರಡು ಬಾತುಕೋಳಿ ಎಂದು ಕರೆಯುವ ರೂಢಿಯಿದೆ. ಅದನ್ನೇ ಹೇಳುತ್ತ ಕೂರುವುದಕ್ಕಿಂತ ನಮ್ಮದೇ ಗುರುತುಗಳನ್ನು ಕಟ್ಟಿಕೊಂಡರೆ ಆಟಕ್ಕೆ ಕಳೆ ಬರುತ್ತದೆ. ನಮ್ಮಲ್ಲಿ 7 ಸಪ್ತಪದಿ, 9 ನವಗ್ರಹ, 18 ಕುರುಕ್ಷೇತ್ರದ ಯುದ್ಧ, 25 ಇಂದಿನ ಹಬ್ಬ, 47 ಸ್ವಾತಂತ್ರ್ಯ, 56 ಕನ್ನಡ ನಾಡು ಒಂದಾದದ್ದು, 60 ಮಹಾರಾಷ್ಟ್ರ ರಾಜ್ಯವಾದದ್ದು, 61 ಗೋವಾ ವಿಮೋಚನೆ, 64 ವಿದ್ಯೆಗಳು, 73 ಕರ್ನಾಟಕವೆಂಬ ಹೆಸರು, 83 ಕಪಿಲ್ ದೇವ್ ತಂದ ವಿಶ್ವಕಪ್. ಗುರುತನ್ನು ಮಾತ್ರ ಹೇಳಿ ಅಂಕಿಯನ್ನು ಒಂದು ಉಸಿರಿನಷ್ಟು ತಡೆದು ಹೇಳಬೇಕು. ಅಷ್ಟರಲ್ಲಿ ಯಾರಾದರೂ ಊಹಿಸಿ ಬೀಜ ಇಟ್ಟುಬಿಟ್ಟಿರುತ್ತಾರೆ, ಊಹಿಸಲಾಗದ ಮಕ್ಕಳು ಪಕ್ಕದಲ್ಲಿ ಕೂತ ಅಜ್ಜಿಯನ್ನು ಕೇಳುತ್ತಾರೆ. ನಮ್ಮಲ್ಲಿ ಅಂಕಿಗಳನ್ನು ಕನ್ನಡದಲ್ಲೇ ಕರೆಯುತ್ತೇವೆ. ಮುಂಬೈಯಲ್ಲಿ ಹುಟ್ಟಿದ ಮಕ್ಕಳಿಗೆ ಎಪ್ಪತ್ತೊಂಬತ್ತಕ್ಕೂ ಎಂಬತ್ತೊಂಬತ್ತಕ್ಕೂ ವ್ಯತ್ಯಾಸ ತಿಳಿಯುವಷ್ಟರಲ್ಲಿ ಮುಂದಿನ ಅಂಕಿ ಬಂದಿರುತ್ತದೆ. ಇದೊಂದರಲ್ಲಿ ಹಿರಿಯರಿಗೆ ತುಸು ಮೇಲುಗೈ ಸಿಗುತ್ತದೆ, ಇರಲಿ.

ಕೈಕೆಲಸದ ಆಟಗಳು ಹಬ್ಬಕ್ಕೆ ಮೊದಲೇ ಶುರುವಾಗುತ್ತವೆ. ಮುಂಬೈಯವರು ಕುಲ್‌ಕುಲ್ ಎಂದೂ ಮಂಗಳೂರು ಕಡೆಯವರು ಕಿಡಿಯೊ ಎಂದೂ ಕರೆಯುವ ತಿಂಡಿಯಷ್ಟು ಎಲ್ಲ ವಯಸ್ಸಿನ ಕೈಗಳನ್ನೂ ಬೇಡುವ ಕೆಲಸ ಇನ್ನೊಂದಿಲ್ಲ. ಮೈದಾ, ಮೊಟ್ಟೆ, ತೆಂಗಿನ ಹಾಲು, ಚೂರು ತುಪ್ಪ ಸೇರಿಸಿ ಕಲಸಿದ ಹಿಟ್ಟಿನಿಂದ ಗೋಲಿಯಷ್ಟು ಉಂಡೆ ತೆಗೆದು, ಎಣ್ಣೆ ಸವರಿದ ಫೋರ್ಕಿನ ಬೆನ್ನಿಗೆ ಅಥವಾ ಹೊಸ ಬಾಚಣಿಗೆಗೆ ಹೆಬ್ಬೆರಳಿನಿಂದ ಒತ್ತಿ ತೆಳ್ಳಗೆ ಹರಡಿ, ಅಂಚಿನಿಂದ ಬಿಡಿಸುತ್ತ ಸುರುಳಿ ಸುತ್ತಬೇಕು. ಗೆರೆಗಳು ಹೊರಮೈಯಲ್ಲಿ ಕಾಣಬೇಕು, ಸುರುಳಿಯ ತುದಿ ಗಟ್ಟಿಯಾಗಿ ಅಂಟಿರಬೇಕು, ಇಲ್ಲದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಇದನ್ನು ಪಂದ್ಯವಾಗಿಸುವುದು ಸುಲಭ: ಎಲ್ಲರಿಗೂ ಒಂದೇ ಅಳತೆಯ ಹಿಟ್ಟು ಕೊಟ್ಟು ಹತ್ತು ನಿಮಿಷ ಬಿಟ್ಟು, ಬಿಚ್ಚಿಕೊಳ್ಳದೆ ಉಳಿದವನ್ನು ಕರಿದ ಮೇಲೆ ಎಣಿಸುವುದು. ವೇಗಕ್ಕಿಂತ ಬಿಗಿಗೆ ಬೆಲೆ ಬರುವುದರಿಂದ ದೊಡ್ಡಮ್ಮನ ನಿಧಾನದ ಕೈಯೂ ಗೆಲ್ಲಬಹುದು, ಸಣ್ಣ ಬೆರಳಿನ ಮೊಮ್ಮಗಳೂ ಗೆಲ್ಲಬಹುದು. ಹಿಟ್ಟು ಒಣಗದಂತೆ ಒದ್ದೆ ಬಟ್ಟೆ ಮುಚ್ಚಿಡುವುದು, ಬಾಣಲೆಯ ಹತ್ತಿರಕ್ಕೆ ಮಕ್ಕಳನ್ನು ಬಿಡದಿರುವುದು ದೊಡ್ಡವರ ಹೊಣೆ.

ನಕ್ಷತ್ರ ಕಟ್ಟುವುದು ಎರಡನೆಯದು. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಸಿದ್ಧ ನಕ್ಷತ್ರಗಳು ರಾಶಿ ಬಿದ್ದಿರುತ್ತವೆ, ನಿಜ. ಆದರೆ ದೀಪಾವಳಿಗೆ ಮನೆಯಲ್ಲೇ ಕಂದೀಲು ಅಂಟಿಸಿದ ಮಕ್ಕಳಿಗೆ ಇದೇನೂ ಕಷ್ಟದ ಕೆಲಸವಲ್ಲ. ಒಂದೇ ಉದ್ದದ ಹತ್ತು ಬಿದಿರು ಕಡ್ಡಿಗಳಲ್ಲಿ ಐದೈದನ್ನು ಸೇರಿಸಿ ಎರಡು ನಕ್ಷತ್ರ ಮಾಡಿ, ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ದಾರದಿಂದ ಕಟ್ಟಬೇಕು. ನಡುವೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಕಡೆ ಸಣ್ಣ ಕಡ್ಡಿಗಳನ್ನು ತೂರಿಸಿ ನಿಲ್ಲಿಸಿದ ಕೂಡಲೇ ಚಪ್ಪಟೆಯಾಗಿದ್ದದ್ದು ಉಬ್ಬಿ ನಿಲ್ಲುತ್ತದೆ. ಮೇಲೆ ಗಾಳಿಪಟದ ಕಾಗದ, ಮೈದಾ ಅಂಟು, ಒಳಗೆ ಎಲ್‌ಇಡಿ ಬಲ್ಬು. ಬಿದಿರು ಸೀಳುವುದು ಅಜ್ಜನ ಕೆಲಸ, ಕಟ್ಟುವುದು ಹುಡುಗರದು, ಅಂಟಿಸುವುದು ಚಿಕ್ಕವರದು.

ಗೋದಲಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಎಂಬಲ್ಲಿ ದನಕರುಗಳನ್ನಿಟ್ಟು ಏರ್ಪಡಿಸಿದ ಗೋದಲಿಯ ನೆನಪಾಗಿ ಇದು ಮನೆಮನೆಗೂ ಬಂದಿದೆ. ಸುಮಾರು ಹತ್ತು ದಿನ ಮೊದಲು ನೆನೆಸಿದ ರಾಗಿಯನ್ನು ತಟ್ಟೆಯಲ್ಲಿ ಮೊಳಕೆಗೆ ಹಾಕಿದರೆ ಹಬ್ಬಕ್ಕೆ ಹಸಿರು ಹುಲ್ಲು ಸಿದ್ಧ. ನೀರು ಚಿಮುಕಿಸುವ ಪಾಳಿಯನ್ನು ಮಕ್ಕಳಿಗೆ ಹಂಚಿಬಿಡಬಹುದು.

ಊಟವಾದ ಮೇಲೆ ಎಲ್ಲರೂ ತೂಕಡಿಸುವ ಹೊತ್ತಿಗೆ ಪಾಸಿಂಗ್ ದ ಪಾರ್ಸೆಲ್ ಸರಿ. ಹಳೆಯ ಪತ್ರಿಕೆಯ ಪದರ ಪದರಗಳಲ್ಲಿ ಬಹುಮಾನವನ್ನು ಸುತ್ತಿ, ಪ್ರತಿ ಪದರದಲ್ಲೂ ಒಂದು ಚೀಟಿ ಇಡಬೇಕು; ಕೈಯಿಂದ ಕೈಗೆ ಸಾಗುವ ಪೊಟ್ಟಣ ಹಾಡು ನಿಂತಾಗ ಯಾರ ಕೈಯಲ್ಲಿರುತ್ತದೋ ಅವರು ಒಂದು ಪದರ ಬಿಚ್ಚಬೇಕು. ಚೀಟಿಯಲ್ಲಿ ಬರೆಯುವುದು ಕೂತಲ್ಲೇ ಮಾಡಬಹುದಾದ ಕೆಲಸವಾಗಿರಬೇಕು: ಕಪ್ಪು ಕುಂಕುಮ ಕೆಂಪು ಕುಂಕುಮ ಎಂದು ಐದು ಸಲ ತಡವರಿಸದೆ ಹೇಳುವುದು, ಊರಿನಲ್ಲಿ ತಾವು ಚಿಕ್ಕವರಿದ್ದಾಗ ಹಬ್ಬದ ದಿನ ಏನು ಉಂಡಿರೆಂದು ಹೇಳುವುದು, ಮನೆಯ ಯಾರಾದರೊಬ್ಬರ ನಡಿಗೆಯನ್ನು ಕೈಬೆರಳುಗಳಲ್ಲೇ ನಡೆದು ತೋರಿಸುವುದು. ಧಾರವಾಡ ಕಡೆಯ ನೆರೆಯವರು ಊಟದ ಕಥೆ ಹೇಳಲು ಕೂತರೆ ಪಾರ್ಸೆಲ್ ಮುಂದೆ ಸಾಗುವುದು ತಡವಾಗುತ್ತದೆ, ಆದರೆ ಯಾರೂ ಆತುರಪಡಿಸುವುದಿಲ್ಲ.

ಡಿಸೆಂಬರ್ 31ರ ರಾತ್ರಿ ಬಾಂದ್ರಾದಲ್ಲೂ ಗೋವಾದಲ್ಲೂ ಮುಗಿದ ವರ್ಷದ ಗುರುತಾದ ಓಲ್ಡ್ ಮ್ಯಾನ್ ಎಂಬ ಮುದುಕನ ಬೊಂಬೆಯನ್ನು ಸುಡುವ ರೂಢಿಯಿದೆ. ಹಳೆಯ ಅಂಗಿ ಪ್ಯಾಂಟಿಗೆ ಒಣಹುಲ್ಲು, ಕಾಗದ ತುಂಬಿ ಮುದುಕನನ್ನು ಮಾಡುವುದು ಮನೆಮಂದಿಗೆಲ್ಲ ಮೋಜಿನ ಕೆಲಸ; ಸುಡುವುದನ್ನು ಮಾತ್ರ ಕಟ್ಟಡಗಳ ನಡುವೆ ಮಾಡಬಾರದು. ನಾವು ಅವನನ್ನು ಗೇಟಿನ ಬಳಿ ಕುರ್ಚಿಯಲ್ಲಿ ಕೂರಿಸಿ, ವಾಚ್‌ಮನ್‌ನಿಂದ ಹಿಡಿದು ಎಲ್ಲರಿಂದಲೂ ಹೆಸರಿಡಿಸಿ ಅಷ್ಟಕ್ಕೇ ನಿಲ್ಲಿಸುತ್ತೇವೆ.

ಶಿಶು ಯೇಸುವನ್ನು ಕಾಣಲು ಬಂದ ಮೂವರು ರಾಯರ ಹಬ್ಬವಾದ ಜನವರಿ 6ರವರೆಗೂ ಮಕ್ಕಳಿಗೆ ಇನ್ನೊಂದು ಆಟ ಉಳಿದಿರುತ್ತದೆ. ರಾಯರ ಮೂರು ಗೊಂಬೆಗಳನ್ನು ಕ್ರಿಸ್‌ಮಸ್ ದಿನವೇ ಗೋದಲಿಯಲ್ಲಿಡದೆ ಅಡುಗೆಮನೆಯ ಕಪಾಟಿನಿಂದ ಹೊರಡಿಸಿ, ದಿನಕ್ಕೊಬ್ಬರಂತೆ ಪಾಳಿ ಹಚ್ಚಿ ಸ್ವಲ್ಪ ಸ್ವಲ್ಪ ಮುಂದೆ ಸರಿಸುತ್ತ ಆ ದಿನ ಗೋದಲಿಗೆ ತಲುಪಿಸಬೇಕು. ಗೋವಾದ ಚಾಂದರ್ ಮತ್ತು ಕಾನ್ಸಾವ್ಲಿಯಲ್ಲಿ ಅದೇ ದಿನ ಹುಡುಗರು ರಾಜವೇಷ ತೊಟ್ಟು ಕುದುರೆಯೇರಿ ಬರುವುದನ್ನು ಹೇಳಿದರೆ ಮಕ್ಕಳು ಗೊಂಬೆಗಳಿಗೂ ಕುದುರೆ ಕೇಳುತ್ತಾರೆ. ಆ ಸಂಜೆ ಗೋದಲಿ ಬಿಚ್ಚಿ ಅಟ್ಟಕ್ಕೆ ಹಾಕುವ ಕೆಲಸಕ್ಕೆ ಮಾತ್ರ ಯಾವ ವಯಸ್ಸಿನವರೂ ತಾವಾಗಿ ಮುಂದೆ ಬರುವುದಿಲ್ಲ. ಅದಕ್ಕೂ ಚೀಟಿ ಎತ್ತುವುದೇ ವಾಸಿ.