ಸಂಜೆ ಉಳಿಸುವ ಕೆಲಸ, ಮಳೆಗಾಲ ದಾಟಿಸುವ ದುಡ್ಡು

"ಇಷ್ಟವಾದದ್ದನ್ನೇ ಮಾಡು, ದುಡ್ಡು ತಾನಾಗಿ ಬರುತ್ತದೆ" ಅಂತ ಹೇಳುವವರ ಮನೆ ಹಿಂದೆ ಎಷ್ಟೋ ಸಲ ಒಂದು ಅಡಿಕೆ ತೋಟ ಇರುತ್ತದೆ. ತೋಟ ಇಲ್ಲದಿದ್ದರೆ ಅಪ್ಪನ ಪೆನ್ಷನ್. ಆಸರೆ ಇರುವುದು ತಪ್ಪೇನಲ್ಲ. ಆದರೆ ಅದೇ ಮಾತನ್ನು ಆಸರೆ ಇಲ್ಲದ ಮನೆಯ ಹುಡುಗನಿಗೆ ಹೇಳುವ ಮೊದಲು ಸ್ವಲ್ಪ ಯೋಚಿಸಬೇಕು.

ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಚಿಕ್ಕಂದಿನಿಂದ ಯಕ್ಷಗಾನ ಕಲಿತವನು, ಕುಣಿತ ಚೆನ್ನಾಗಿದೆ, ಮಾತೂ ಬರುತ್ತದೆ. ಓದು ಮುಗಿದ ಮೇಲೆ ಕೆಲಸಕ್ಕೆ ಹೋಗುವುದಿಲ್ಲ, ಮೇಳಕ್ಕೆ, ಅಂದರೆ ಯಕ್ಷಗಾನದ ವೃತ್ತಿ ತಂಡಕ್ಕೆ, ಸೇರುತ್ತೇನೆ ಅಂತಿದ್ದಾನೆ. ಭಾವನಿಗೆ ಸಿಟ್ಟು, ಅಕ್ಕನಿಗೆ ಭಯ. ಇಬ್ಬರೂ ನನಗೆ ಫೋನ್ ಮಾಡಿ "ನೀನೇ ಬುದ್ಧಿ ಹೇಳು" ಅಂದರು. ಬುದ್ಧಿ ಹೇಳುವಷ್ಟು ದೊಡ್ಡವನಲ್ಲ ನಾನು. ಅವನ ಜೊತೆ ಕೂತು ಲೆಕ್ಕ ಹಾಕಿದೆ, ಅಷ್ಟೇ.

ಮೊದಲನೆಯದು ತಿಂಗಳುಗಳ ಲೆಕ್ಕ. ವೃತ್ತಿ ಮೇಳಗಳು ದೀಪಾವಳಿ ಕಳೆದು ನವೆಂಬರ್ ಹೊತ್ತಿಗೆ ಹೊರಡುತ್ತವೆ. ಮೇ ಕೊನೆಗೆ, ತುಳು ಪಂಚಾಂಗದ ಪತ್ತನಾಜೆ ದಿನದ ಆಸುಪಾಸಿನಲ್ಲಿ, ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುತ್ತಾರೆ. ಅಂದರೆ ವರ್ಷದ ಅರ್ಧ ದುಡಿಮೆ, ಇನ್ನರ್ಧ ಮಳೆ. ಆ ಮಳೆಗಾಲದಲ್ಲಿ ಕೆಲವರು ಚಿಕ್ಕಮೇಳ ಅಂತ ಸಣ್ಣ ತಂಡ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ, ಕೆಲವರು ಬೆಂಗಳೂರು, ಮುಂಬೈ ಕಡೆ ಆಟಕ್ಕೆ, ಅಂದರೆ ಪ್ರದರ್ಶನಕ್ಕೆ, ಬರುತ್ತಾರೆ, ಕೆಲವರು ಗದ್ದೆ ಕೆಲಸ ನೋಡುತ್ತಾರೆ. ಯಜಮಾನರ ಹತ್ತಿರ ಮುಂಗಡ ತೆಗೆದುಕೊಂಡು ಮುಂದಿನ ತಿರುಗಾಟದಲ್ಲಿ ತೀರಿಸುವವರೂ ಇದ್ದಾರೆ. ಕಟೀಲು, ಮಂದಾರ್ತಿಯಂಥ ದೇವಸ್ಥಾನಗಳ ಕಡೆ ಭಕ್ತರು ಹರಕೆ ಹೊತ್ತು ಆಡಿಸುವ ಆಟಗಳು ವರ್ಷಗಟ್ಟಲೆ ಮೊದಲೇ ಬುಕ್ ಆಗಿರುತ್ತವೆ, ಹಾಗಾಗಿ ಆ ಮೇಳಗಳಿಗೆ ಆಟದ ಬರ ಇಲ್ಲ. ಟಿಕೆಟ್ ಇಟ್ಟು ಆಡುವ ಡೇರೆ ಮೇಳದ ಕಥೆ ಬೇರೆ. ಮೇಳಕ್ಕೆ ಸೇರುತ್ತೇನೆ ಅನ್ನುವವನು ಯಾವ ಮೇಳ ಅನ್ನೋದನ್ನೇ ಮೊದಲು ಕೇಳಬೇಕು.

ಎರಡನೆಯದು ಮೈಯ ಲೆಕ್ಕ, ಇದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ಹುಡುಗರಿಗೆಲ್ಲ ಚುರುಕಾಗಿ ಕುಣಿಯುವ ಎಳೆಯ ವೀರರ ಪಾತ್ರಗಳ, ಅಂದರೆ ಪುಂಡುವೇಷದ, ಮೇಲೆ ಕಣ್ಣು. ಹಾರಿ ತಿರುಗುತ್ತಾ ಧಿಂಗಣ ಹೊಡೆದಾಗ ಬೀಳುವ ಚಪ್ಪಾಳೆಗೆ ಮನಸ್ಸು ಸೋಲುತ್ತದೆ ನಿಜ. ಆದರೆ ಆಟ ಮುಗಿದ ಮೇಲೆ ಚೌಕಿಗೆ, ಅಂದರೆ ಬಣ್ಣ ಹಚ್ಚುವ ಜಾಗಕ್ಕೆ, ಹೋಗಿ ನೋಡಿ. ನಾನು ಬಹಳ ಸಲ ನೋಡಿದ್ದೇನೆ. ಗೆಜ್ಜೆ ಬಿಚ್ಚಿ, ಬಣ್ಣ ಅರ್ಧ ಒರೆಸಿ, ಪೆಟ್ಟಿಗೆಗೆ ಒರಗಿ ಎರಡೂ ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತಾ ಕೂತವರು. ಅವರಲ್ಲಿ ಮೂವತ್ತು ದಾಟದವರೂ ಇರುತ್ತಾರೆ. ಇನ್ನೊಂದು ಮೂಲೆಯಲ್ಲಿ ರಾಕ್ಷಸ ಪಾತ್ರಗಳ ಬಣ್ಣದ ವೇಷದವರು ಮುಖದ ಮೇಲಿನ ಅಕ್ಕಿ ಹಿಟ್ಟಿನ ಚಿಟ್ಟಿ ಕಳಚುತ್ತಿರುತ್ತಾರೆ. ಗಂಟೆಗಟ್ಟಲೆ ಕೂತು ಒಂದೊಂದೇ ಚುಕ್ಕಿ ಇಟ್ಟದ್ದು, ಕಳಚಲು ಕೆಲವೇ ನಿಮಿಷ. ಮರುದಿನ ಬೇರೆ ಊರು, ಮತ್ತೆ ಅದೇ. ಈ ಶ್ರಮಕ್ಕೆ ಹೆಚ್ಚಿನವರಿಗೆ ಪಿ.ಎಫ್. ಇಲ್ಲ. ವಯಸ್ಸಾದ ಮೇಲೆ ಸರ್ಕಾರದ ಮಾಸಾಶನ ಸಿಕ್ಕಿದರೆ ಪುಣ್ಯ, ಅದರಲ್ಲಿ ಮನೆ ನಡೆಯುವುದಿಲ್ಲ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಇದೆ. ಕಲಾವಿದರಿಗೆ ನೆರವು, ಮನೆ, ಓದುವ ಮಕ್ಕಳಿಗೆ ಸಹಾಯ ಅಂತ ಅವರು ಮಾಡಿದ ಕೆಲಸ ನೆನೆದರೆ ಕೈ ಮುಗಿಯಬೇಕು ಅನಿಸುತ್ತದೆ. ಆದರೂ ಒಂದು ಸಂಸ್ಥೆ ಎಷ್ಟು ಜನರನ್ನು ಹೊರಲು ಸಾಧ್ಯ ಹೇಳಿ.

ಇಷ್ಟು ಕೇಳಿದ ಮೇಲೆ ಹುಡುಗ "ಹಾಗಾದ್ರೆ ಬೇಡ ಅಂತೀರಾ ಮಾವ?" ಅಂದ. ಬೇಡ ಅನ್ನಲಿಲ್ಲ. ಅನ್ನುವುದೂ ಇಲ್ಲ.

ಯಾಕೆಂದರೆ ಕೆಲಸ, ಕಲೆ ಎರಡನ್ನೂ ತೂಗಿಸಿದವರು ನಮ್ಮ ಕರಾವಳಿಯಲ್ಲೇ ತುಂಬಾ ಜನ ಇದ್ದರು. ಅವಿಭಜಿತ ದಕ್ಷಿಣ ಕನ್ನಡ ಅಂದರೆ ಬ್ಯಾಂಕುಗಳ ತವರು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇವೆಲ್ಲ ಆ ಒಂದೇ ಜಿಲ್ಲೆಯಲ್ಲಿ ಹುಟ್ಟಿದವು. ಹಗಲು ಬ್ಯಾಂಕಿನ ಕೌಂಟರಿನಲ್ಲಿ ಕೂತು ಸಂಜೆ ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಪಾತ್ರದ ಅರ್ಥ ಹೇಳಿದವರು, ಶಾಲೆಯಲ್ಲಿ ಪಾಠ ಮಾಡಿ ರಾತ್ರಿ ವೇಷ ಕಟ್ಟಿದವರು, ಕಾಲೇಜಿನ ಮೇಷ್ಟ್ರಾಗಿದ್ದುಕೊಂಡೇ ದೊಡ್ಡ ಅರ್ಥಧಾರಿಗಳಾದವರು ನಮ್ಮ ಕಡೆ ಊರೂರಿನಲ್ಲಿ ಸಿಗುತ್ತಾರೆ. ಆ ಕೆಲಸಗಳು ಸಂಬಳ ಕೊಡುತ್ತಿದ್ದವು, ಜೊತೆಗೆ ಸಂಜೆಯನ್ನು ಬಿಟ್ಟುಕೊಡುತ್ತಿದ್ದವು. ಈ ಎರಡನೆಯದೇ ದೊಡ್ಡದು ಅಂತ ನನಗೆ ಅನಿಸುವುದು. ಈಗಿನ ಒಳ್ಳೆ ಸಂಬಳದ ಎಷ್ಟೋ ಕೆಲಸಗಳಲ್ಲಿ ರಾತ್ರಿ ಒಂಬತ್ತಕ್ಕೆ ಅಮೆರಿಕದವರ ಜೊತೆ ಕಾಲ್ ಇರುತ್ತದೆ, ಮನೆಗೆ ಬಂದರೂ ಲ್ಯಾಪ್‌ಟಾಪ್ ಮುಚ್ಚುವ ಹಾಗಿಲ್ಲ. ಅಂಥ ಕೆಲಸಕ್ಕೆ ಸೇರಿ "ಸ್ವಲ್ಪ ಸೆಟ್ಲ್ ಆದ ಮೇಲೆ ಮತ್ತೆ ಗೆಜ್ಜೆ ಕಟ್ಟುತ್ತೇನೆ" ಅಂದವರಲ್ಲಿ ಹಲವರು ಇವತ್ತಿಗೂ ಕಟ್ಟಿಲ್ಲ. ಅವರು ನನ್ನ ಗೆಳೆಯರು, ಅವರ ಬಗ್ಗೆ ನನಗೆ ಬೇಸರ ಇದೆ, ಸಿಟ್ಟಿಲ್ಲ. ಹಾಗಾಗಿ ಕ್ಯಾಂಪಸ್ ಇಂಟರ್‌ವ್ಯೂಗೆ ಹೋಗುವ ಕಲಾವಿದ ಹುಡುಗರಿಗೆ ನಾನು ಹೇಳುವುದು ಒಂದೇ. ಸಂಬಳ ಎಷ್ಟು ಅಂತ ಕೇಳಿ, ಸಂಜೆ ಎಷ್ಟು ಉಳಿಯುತ್ತದೆ ಅಂತಲೂ ಕೇಳಿ.

ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿ ಪ್ರಯೋಗಗಳು ಬಂದದ್ದು ಇನ್ನೊಂದು ದಾರಿ ತೆರೆದಿದೆ. ಇಡೀ ರಾತ್ರಿಯ ಆಟ ಹೋಯ್ತಲ್ಲ ಅಂತ ನನಗೂ ಸಂಕಟ ಆಗಿದೆ, ಬೆಳಗಿನ ಜಾವದ ಭಾಗವತಿಕೆಯ ಹಾಡಿನ ಸೊಗಸೇ ಬೇರೆ. ಆದರೆ ನಡುರಾತ್ರಿಗೆ ಆಟ ಮುಗಿದರೆ ಕಲಾವಿದ ನಿದ್ದೆ ಮಾಡಿ ಮರುದಿನ ಒಂದಿಷ್ಟು ಬೇರೆ ದುಡಿಮೆ ಮಾಡಬಹುದು. ಅದು ಸಣ್ಣ ಮಾತಲ್ಲ.

ಕೊನೆಗೆ ನಾವಿಬ್ಬರೂ ಒಪ್ಪಿಕೊಂಡದ್ದು ಇಷ್ಟು. ಓದು ಮುಗಿಸುವುದು. ಆಮೇಲೆ ಒಂದು ತಿರುಗಾಟ ಪೂರ್ತಿ ಮೇಳದಲ್ಲಿ ಇರುವುದು. ಹೊಸಬರು ಮೊದಲು ಕಟ್ಟುವ ಕೋಡಂಗಿ, ಬಾಲಗೋಪಾಲರ ವೇಷಗಳಿಂದ ಶುರು ಮಾಡಿ, ಚೌಕಿಯಲ್ಲೇ ಮಲಗಿ, ಆ ಬದುಕು ಮೈಗೆ ಹಿಡಿಸುತ್ತದಾ ಅಂತ ನೋಡುವುದು. ಹಿಡಿಸಿದರೆ ಮುಂದುವರಿಯಲಿ. ವಾರಕ್ಕೊಂದು ದಿನ ಕುಣಿಯುವ ಹವ್ಯಾಸಿಗೆ ಎಂದೂ ದಕ್ಕದ ಒಂದು ಪಕ್ವತೆ ದಿನಾ ರಂಗಕ್ಕೆ ಹೋಗುವವನಿಗೆ ದಕ್ಕುತ್ತದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಮೊದಲ ಸಂಭಾವನೆಯಿಂದಲೇ ಮಳೆಗಾಲಕ್ಕೆ ಅಂತ ಬೇರೆ ಖಾತೆಯಲ್ಲಿ ದುಡ್ಡು ಹಾಕಬೇಕು. ಅಟಲ್ ಪೆನ್ಷನ್ ಯೋಜನೆ ಮಾಡಿಸಬೇಕು, 18ರಿಂದ 40 ವಯಸ್ಸಿನೊಳಗೆ ಸೇರಿದರೆ 60ರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ ಸಿಗುತ್ತದೆ. ಕಡಿಮೆಯೇ, ಆದರೂ ಇರಲಿ. ಆರೋಗ್ಯ ವಿಮೆ ಬೇಕೇ ಬೇಕು. ಭಾವ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಈಗ ಮಗನ ಜೊತೆ ಕೂತು ಮಾತಾಡುತ್ತಿದ್ದಾರೆ.

ಇನ್ನು ಆಟ ಆಡಿಸುವ ನಮ್ಮ ಸಂಘಗಳಿಗೆ ಒಂದು ಮಾತು. ಮಳೆಗಾಲದಲ್ಲಿ ಊರಿನಿಂದ ಕಲಾವಿದರನ್ನು ಬೆಂಗಳೂರಿಗೆ ಕರೆಸುತ್ತೇವೆ. ಶಾಲು ಹಾರ, ಫೋಟೋ ಎಲ್ಲ ಆಗುತ್ತದೆ. ಸಂಭಾವನೆ ಮಾತ್ರ "ಆಮೇಲೆ ಕಳಿಸ್ತೇವೆ" ಅಂತ ಆಗುವುದು ಬೇಡ. ಚೌಕಿಯಲ್ಲೇ, ಅವರು ಬಸ್ಸು ಹತ್ತುವ ಮೊದಲೇ, ಪೂರ್ತಿ ಕೊಟ್ಟು ಕಳಿಸೋಣ.